ಬಿಸಿಲು ಬಾರದ ಮನೆಯ ನೀರಿನ ತೋಟ

ಮಾಟುಂಗಾದಲ್ಲಿ ನಮ್ಮ ಕಟ್ಟಡದ ಎದುರಿಗಿದ್ದ ಮೂರು ಮಹಡಿಯ ಹಳೆಯ ವಸತಿಯನ್ನು ಕೆಡವಿ, ಆ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಹಡಿಗಳ ಗೋಪುರವೊಂದನ್ನು ಎಬ್ಬಿಸಿದ ಮೇಲೆ, ಮೊದಲ ಮಹಡಿಯ ನಮ್ಮ ಹಾಲಿಗೆ ಬೆಳಗಿನ ಹೊತ್ತು ಬೀಳುತ್ತಿದ್ದ ಎರಡು ಗಂಟೆಯ ಬಿಸಿಲು ನಿಂತುಹೋಯಿತು. ಕಿಟಕಿಯ ಗ್ರಿಲ್ಲಿನಲ್ಲಿದ್ದ ತುಳಸಿ ಒಂದೇ ಮಳೆಗಾಲದಲ್ಲಿ ಕಡ್ಡಿಯಾಯಿತು. ಮಲ್ಲಿಗೆ ಎಲೆ ಬಿಟ್ಟಿತೇ ಹೊರತು ಮೊಗ್ಗು ಬಿಡಲಿಲ್ಲ. ಮನಿ ಪ್ಲಾಂಟ್ ಮಾತ್ರ ಯಾವ ದೂರೂ ಇಲ್ಲದೆ ಗೋಡೆ ಹಿಡಿದು ಬೆಳೆಯುತ್ತಿತ್ತು. ಅದನ್ನು ನೋಡುತ್ತಿದ್ದಾಗಲೇ ಮಗ ಚಿಕ್ಕವನಿದ್ದಾಗ ತಂದು, ಅವನ ಪರೀಕ್ಷೆಗಳ ನೆಪದಲ್ಲಿ ಅಟ್ಟಕ್ಕೆ ಸೇರಿಸಿದ್ದ ಎರಡಡಿ ಉದ್ದದ ಗಾಜಿನ ತೊಟ್ಟಿ ನೆನಪಾಯಿತು. ಕತ್ತಲೆಯ ಮನೆಯಲ್ಲಿ ಗಿಡ ಬೆಳೆಸಬೇಕೆಂದಿದ್ದರೆ ಕತ್ತಲೆಯನ್ನೇ ಬಯಸುವ ಗಿಡಗಳನ್ನು ಹುಡುಕಬೇಕು, ಅಂಥವು ನೀರಿನೊಳಗೆ ಬೇಕಾದಷ್ಟಿವೆ ಎಂಬುದು ಆಗ ನನಗೆ ಅರ್ಧಂಬರ್ಧ ಗೊತ್ತಿತ್ತು. ಉಳಿದರ್ಧವನ್ನು ಈ ಐದು ವರ್ಷಗಳಲ್ಲಿ ಗಿಡಗಳನ್ನು ಕೊಳೆಸಿ ಕಲಿತಿದ್ದೇನೆ.

ಕಡಿಮೆ ಬೆಳಕು ಎಂದರೆ ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಕಣ್ಣು ಈ ವಿಷಯದಲ್ಲಿ ನಂಬಿಕಸ್ಥ ಸಾಕ್ಷಿಯಲ್ಲ. ಗಿಡ ಬಳಸಿಕೊಳ್ಳಬಲ್ಲ ಬೆಳಕನ್ನು ಮೈಕ್ರೊಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಮಧ್ಯಾಹ್ನದ ನಿಚ್ಚಳ ಬಿಸಿಲು ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್‌ನಷ್ಟಿದ್ದರೆ, ಕಡಿಮೆ ಬೆಳಕಿನ ತೊಟ್ಟಿಯ ತಳಕ್ಕೆ ತಲುಪುವುದು 15ರಿಂದ 30ರಷ್ಟು ಮಾತ್ರ. ಇಷ್ಟರಲ್ಲಿ ಬದುಕುವ ಗಿಡಗಳೆಲ್ಲ ಹೆಚ್ಚಾಗಿ ಕಾಡಿನ ತೊರೆಗಳ ಅಂಚಿನವು. ತಲೆಯ ಮೇಲೆ ಮರಗಳ ದಟ್ಟ ಚಪ್ಪರ, ಮಳೆಗಾಲದಲ್ಲಿ ಅದರ ಮೇಲೆ ಮೋಡ, ಕೆಳಗೆ ಕೆಂಪು ನೀರು. ಹೀಗೆ ಮೂರು ಪರದೆ ದಾಟಿ ಬಂದ ಬೆಳಕನ್ನೇ ಅವು ತಲೆತಲಾಂತರದಿಂದ ಉಂಡು ಬಂದಿವೆ. ಹಾಗಾಗಿ ಅವುಗಳ ಬೆಳವಣಿಗೆ ನಿಧಾನ. ಅಂಥ ಗಿಡಗಳಲ್ಲೊಂದಾದ ಅನುಬಿಯಾಸ್ ತಿಂಗಳಿಗೊಂದು ಎಲೆ ಬಿಟ್ಟರೆ ಚೆನ್ನಾಗಿದೆ ಎಂದೇ ಅರ್ಥ. ಈ ನಿಧಾನವನ್ನು ಸಹಿಸಲಾಗದವರು ಈ ಹವ್ಯಾಸಕ್ಕೆ ಬಾರದಿರುವುದೇ ಲೇಸು.

ಮೊದಲ ಸಲ ನಾನು ಗಿಡ ತಂದದ್ದು ಕ್ರಾಫರ್ಡ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ. ಅಂಗಡಿಯವರು ‘ಸಬ್ ಪಾನಿ ಕಾ ಪೌಧಾ ಹೈ’ ಎಂದು ಭರವಸೆ ಕೊಟ್ಟು ಕಟ್ಟಿಕೊಟ್ಟ ಐದು ಬಗೆಗಳಲ್ಲಿ ಮೂರು ನೀರಿನ ಗಿಡಗಳೇ ಆಗಿರಲಿಲ್ಲ. ಬಿಳಿ ಅಂಚಿನ ಎಲೆಯ ಡ್ರಸೀನಾ, ಹುಲ್ಲಿನಂಥ ಮಾಂಡೊ, ಮತ್ತೊಂದು ಸಿಂಗೋನಿಯಂ. ಮೂರೂ ಕುಂಡದಲ್ಲಿ ಸುಖವಾಗಿ ಇರುವಂಥವು, ನೀರಿನಲ್ಲಿ ಮುಳುಗಿಸಿದರೆ ಒಂದೆರಡು ತಿಂಗಳು ಹಸಿರಾಗಿಯೇ ನಿಂತು ಆಮೇಲೆ ಬುಡದಿಂದ ಕೊಳೆಯುವಂಥವು. ಆ ಒಂದೆರಡು ತಿಂಗಳೇ ಮೋಸದ ಅವಧಿ, ಏಕೆಂದರೆ ಅಷ್ಟರಲ್ಲಿ ನಾವು ಬೆಳಕನ್ನೋ ಗೊಬ್ಬರವನ್ನೋ ದೂರಿ ಇನ್ನಷ್ಟು ಹಣ ಖರ್ಚು ಮಾಡಿರುತ್ತೇವೆ. ಈಗ ನಾನು ಹೆಸರು ಗೊತ್ತಿಲ್ಲದ ಗಿಡವನ್ನು ಕೊಳ್ಳುವುದಿಲ್ಲ; ಬಿಳಿ ಗೆರೆಯ ಗಡುಸಾದ ಎಲೆ ಕಂಡರೆ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಉಳಿದ ಎರಡರಲ್ಲಿ ಒಂದು ಅನುಬಿಯಾಸ್ ನಾನಾ, ಇನ್ನೊಂದು ಜಾವಾ ಫರ್ನ್. ಇವನ್ನು ಕೊಂದ ಪಾಪ ಮಾತ್ರ ನನ್ನದೇ. ಗಿಡ ಎಂದ ಮೇಲೆ ಮಣ್ಣಿನಲ್ಲಿ ನೆಡಬೇಕೆಂಬ ಊರಿನ ಬುದ್ಧಿಯಲ್ಲಿ ಎರಡನ್ನೂ ಮರಳಿನೊಳಗೆ ಆಳಕ್ಕೆ ಊರಿದ್ದೆ. ಮೂಲತಃ ಕಾರ್ಕಳದವರಾಗಿ ಈಗ ಡೊಂಬಿವಲಿಯಲ್ಲಿರುವ ನಮ್ಮ ಹಿರಿಯ ಸ್ನೇಹಿತರೊಬ್ಬರು, ಇಪ್ಪತ್ತು ವರ್ಷದಿಂದ ತೊಟ್ಟಿ ಇಟ್ಟವರು, ಒಮ್ಮೆ ಊಟಕ್ಕೆ ಬಂದಾಗ ಅದನ್ನು ನೋಡಿ, ‘ಎಂತ ಮಾರಾಯ್ರೆ, ಕೆಸುವಿನ ಗೆಡ್ಡೆ ಹೂತ ಹಾಗೆ ಹೂತಿಟ್ಟಿದ್ದೀರಲ್ಲ!’ ಎಂದು ಬೈದರು. ಬೈಗುಳದಲ್ಲಿ ಸಸ್ಯಶಾಸ್ತ್ರವೂ ಇತ್ತು. ಪಶ್ಚಿಮ ಆಫ್ರಿಕಾದ ತೊರೆಗಳಿಂದ ಬಂದ ಅನುಬಿಯಾಸ್ ನಿಜಕ್ಕೂ ನಮ್ಮ ಪತ್ರೊಡೆಯ ಕೆಸುವಿನ ಕುಟುಂಬದ್ದೇ. ಆದರೆ ಅದರ ಶುಂಠಿಯಂಥ ಅಡ್ಡಕಾಂಡ ಬಂಡೆಯ ಮೇಲೆ, ಬಿದ್ದ ಮರದ ಮೇಲೆ ಹರಿದು ಬೆಳೆಯುವಂಥದು. ಅದನ್ನು ಮಣ್ಣಿನಲ್ಲಿ ಮುಚ್ಚಿದರೆ ಕೆಲವು ವಾರಗಳಲ್ಲಿ ಮೆತ್ತಗಾಗಿ ನಾರುತ್ತದೆ. ಜಾವಾ ಫರ್ನಿನ ಕತೆಯೂ ಇದೇ, ಅದು ಕೆಸುವಲ್ಲದೆ ಜರೀಗಿಡ ಎಂಬುದಷ್ಟೇ ವ್ಯತ್ಯಾಸ. ಎರಡನ್ನೂ ಮರದ ತುಂಡಿಗೋ ಕಲ್ಲಿಗೋ ಹತ್ತಿಯ ದಾರದಿಂದ ಕಟ್ಟಬೇಕು, ಇಲ್ಲವೇ ಫೆವಿಕ್ವಿಕ್‌ನಂಥ ಅಂಟಿನ ಎರಡು ಹನಿಯಿಂದ ಕೂರಿಸಬೇಕು. ಆ ಅಂಟು ನೀರು ತಾಗಿದೊಡನೆ ಗಟ್ಟಿಯಾಗಿ ನಿರುಪದ್ರವಿಯಾಗುತ್ತದೆ. ದಾರ ಕರಗುವ ಹೊತ್ತಿಗೆ ಬೇರುಗಳು ಮರವನ್ನು ಹಿಡಿದಿರುತ್ತವೆ.

ಒಟ್ಟಿಗೆ ಹೊಂದಿಕೊಳ್ಳುವ ಗಿಡಗಳು ಎಂದಾಗ ಹಲವರು ಎಲೆಯ ಬಣ್ಣ, ಆಕಾರಗಳ ಹೊಂದಿಕೆಯನ್ನು ನೆನೆಯುತ್ತಾರೆ. ನನ್ನ ಅನುಭವದಲ್ಲಿ ಹೊಂದಿಕೆಯೆಂದರೆ ಬೇರೆಯೇ ಲೆಕ್ಕ: ಎಲ್ಲವೂ ಒಂದೇ ನಿಧಾನದವಾಗಿರಬೇಕು, ಆದರೆ ಉಣ್ಣುವ ಎಲೆ ಒಂದೇ ಆಗಿರಬಾರದು. ಅನುಬಿಯಾಸ್ ಮತ್ತು ಜಾವಾ ಫರ್ನ್ ನೀರಿನಲ್ಲಿ ಕರಗಿದ ಪೋಷಕಾಂಶಗಳನ್ನು ಹೀರುತ್ತವೆ. ಕ್ರಿಪ್ಟೊಕೊರೈನ್, ಹವ್ಯಾಸಿಗಳ ಬಾಯಲ್ಲಿ ‘ಕ್ರಿಪ್ಟ್’, ಮುಖ್ಯವಾಗಿ ಬೇರಿನಿಂದ ಉಣ್ಣುತ್ತದೆ. ಆದ್ದರಿಂದ ಮರದ ತುಂಡಿನ ಮೇಲೆ ಮೊದಲೆರಡು, ಅದರ ಬುಡದ ಮಣ್ಣಿನಲ್ಲಿ ಮೂರನೆಯದು ಎಂದು ಇಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಇದಕ್ಕಿಂತ ಸೊಗಸಾದದ್ದು ನೆರಳಿನ ಹಂಚಿಕೆ. ಅನುಬಿಯಾಸಿನ ಒಂದು ಎಲೆ ವರ್ಷಕ್ಕೂ ಮೀರಿ ಬಾಳುತ್ತದೆ. ಅಷ್ಟು ಕಾಲ ಅಲುಗದೆ ನಿಂತ ಎಲೆಯ ಮೇಲೆ ಬೆಳಕು ಸ್ವಲ್ಪ ಹೆಚ್ಚಾದರೂ ಹಸಿರು ಚುಕ್ಕೆಯ ಪಾಚಿ ಕೂರುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಜಾವಾ ಫರ್ನನ್ನು ಅದೇ ಮರದ ಮೇಲ್ತುದಿಗೆ ಕಟ್ಟಿ, ಅದರ ಉದ್ದನೆಯ ಎಲೆಗಳ ಕೆಳಗೆ ಅನುಬಿಯಾಸನ್ನು ಕೂರಿಸಿದ ಮೇಲೆ ನನ್ನ ತೊಟ್ಟಿಯಲ್ಲಿ ಆ ಚುಕ್ಕೆಗಳು ಬಹುತೇಕ ನಿಂತವು. ಅಡಿಕೆ ತೋಟದಲ್ಲಿ ಮರದ ನೆರಳಿಗೆ ಏಲಕ್ಕಿ ಇಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜಾವಾ ಫರ್ನಿನ ಎಲೆಯ ಅಡಿಯಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು ಮೂಡಿದಾಗ ಹೊಸಬರು ರೋಗವೆಂದು ಹೆದರಿ ಕತ್ತರಿಸುತ್ತಾರೆ, ನಾನೂ ಕತ್ತರಿಸಿದ್ದೆ. ಅವು ಜರೀಗಿಡದ ಬೀಜಕಣಗಳ ಗುಂಪುಗಳು. ಕೆಲವು ಹಳೆಯ ಎಲೆಗಳ ತುದಿಯಲ್ಲಿ ಮರಿಗಿಡಗಳೇ ಹುಟ್ಟಿ, ಬೇರು ಬಿಟ್ಟು, ಒಂದು ದಿನ ಕಳಚಿ ತೇಲುತ್ತವೆ. ನಿಜವಾದ ರೋಗಲಕ್ಷಣವೆಂದರೆ ಎಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿದ್ದು ಹರಡುವುದು. ಅದು ಹೆಚ್ಚಾಗಿ ಪೊಟ್ಯಾಸಿಯಂ ಕೊರತೆ.

ಕ್ರಿಪ್ಟ್‌ಗಳ ಬಗ್ಗೆ ನನಗೆ ಪಕ್ಷಪಾತವಿದೆ, ಅದಕ್ಕೆ ಕಾರಣವೂ ಇದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕ್ರಿಪ್ಟೊಕೊರೈನ್ ವೆಂಟಿಯೈ ಶ್ರೀಲಂಕಾದ್ದು. ಆದರೆ ಈ ಕುಲದ ಹಲವು ಬಂಧುಗಳು ನಮ್ಮ ಸಹ್ಯಾದ್ರಿಯ ನದಿದಂಡೆಗಳಲ್ಲೇ ಇವೆ. ಕಿರಿದಾದ ಎಲೆಯ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಅಂಥದೊಂದು. ಇವಕ್ಕೆ ತೀರ ಹತ್ತಿರದ ಲ್ಯಾಜೆನಾಂಡ್ರಾ ಎಂಬ ಕುಲವೂ ಪಶ್ಚಿಮ ಘಟ್ಟದ ತೊರೆಗಳಲ್ಲಿದೆ. ಅದಕ್ಕೆ 1852ರಲ್ಲಿ ಹೆಸರಿಟ್ಟ ನಿಕೋಲ್ ಡಾಲ್ಜೆಲ್ ಮುಂಬಯಿ ಪ್ರಾಂತ್ಯದ ಅರಣ್ಯ ಇಲಾಖೆಯಲ್ಲಿದ್ದವನು. ಇವೆಲ್ಲವೂ ಕೆಸುವಿನ ಕುಟುಂಬದವೇ. ಮಳೆಗಾಲದಲ್ಲಿ ಹೊಳೆ ಏರಿದಾಗ ರೆಟ್ರೊಸ್ಪೈರಾಲಿಸ್ ನೀರಿನೊಳಗೆ ಮುಳುಗಿರುತ್ತದೆ. ಮಳೆ ನಿಂತು ನೀರು ಇಳಿದಾಗ ಬಯಲಿಗೆ ಬಂದು ಹೂ ಬಿಡುತ್ತದೆ. ಹೀಗೆ ಎರಡು ಲೋಕದಲ್ಲೂ ಬಾಳಬಲ್ಲ ಗಿಡ ಒಂದು ಲೋಕದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಬಟ್ಟೆ ಕಳಚಿ ಹೊಸದು ತೊಡುತ್ತದೆ.

ಇದು ಗೊತ್ತಿಲ್ಲದಿದ್ದಾಗ ನಾನು ಮಾಡಿದ ತಪ್ಪು ಇದು. ನರ್ಸರಿಯವರು ಕ್ರಿಪ್ಟ್‌ಗಳನ್ನು ಹೆಚ್ಚಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸಿ ಮಾರುತ್ತಾರೆ. ಅದನ್ನು ತಂದು ಮುಳುಗಿಸಿದ ವಾರದೊಳಗೆ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕರಗುವಂತಾದವು. ಸತ್ತಿತು ಎಂದು ಆರು ಗಿಡಗಳನ್ನು ಕಿತ್ತು ಎಸೆದೆ. ಕಿತ್ತಾಗ ಬೇರುಗಳು ಬೆಳ್ಳಗೆ, ಗಟ್ಟಿಯಾಗಿ ಇದ್ದುದನ್ನು ಕಂಡೂ ಯೋಚಿಸಲಿಲ್ಲ. ಸಾಯುವುದು ಎಲೆ, ಬೇರಲ್ಲ. ಕರಗಿದ ಎಲೆಗಳನ್ನು ತೆಗೆದು, ಬೇರನ್ನು ಅಲುಗಿಸದೆ ಮೂರು ನಾಲ್ಕು ವಾರ ಬಿಟ್ಟರೆ ನಡುವಿನಿಂದ ನೀರಿಗೆ ಒಗ್ಗಿದ ಹೊಸ ಎಲೆ ಬರುತ್ತದೆ. ಜಾಗ ಬದಲಿಸಿದರೂ, ನೀರನ್ನು ಒಮ್ಮೆಗೇ ಬಹಳ ಬದಲಿಸಿದರೂ, ದೀಪವನ್ನು ಬದಲಿಸಿದರೂ ಕ್ರಿಪ್ಟ್ ಇದೇ ರೀತಿ ಮುನಿಸಿಕೊಳ್ಳುತ್ತದೆ. ಆದ್ದರಿಂದ ಅದನ್ನು ನೆಡುವ ಮೊದಲು ಯೋಚಿಸಬೇಕು, ನೆಟ್ಟ ಮೇಲೆ ಕೈ ಕಟ್ಟಿಕೊಂಡು ಕೂರಬೇಕು. ನಮ್ಮ ಹೊಳೆಗಳಿಂದ ಇವನ್ನು ಕಿತ್ತು ತರಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಾಕಿದ ಗಿಡಗಳೇ ಸಿಗುವಾಗ ಅದರ ಅಗತ್ಯವೂ ಇಲ್ಲ.

ಕ್ರಿಪ್ಟ್‌ಗಳ ಬೇರಿಗಾಗಿ ನಾನು ತಳಕ್ಕೆ ಹಾಕಿದ್ದು ಊರಿನ ಮುರಕಲ್ಲಿನ ಪುಡಿ. ಲ್ಯಾಟರೈಟ್ ಎಂದು ವಿದೇಶದ ಅಕ್ವೇರಿಯಂ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಮಾರುತ್ತಿದ್ದುದು ಇದನ್ನೇ. ಅದರ ಬೆಲೆ ತಿಳಿದಾಗ, ಉಡುಪಿಯ ಮನೆಯ ಕಾಂಪೌಂಡ್ ಗೋಡೆಯನ್ನು ನೆನೆದು ನಮ್ಮವಳು ನಕ್ಕಳು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ನಮ್ಮ ಕಡೆಯ ಕರಾವಳಿಯಿಂದಲೇ. ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಕಟ್ಟುವುದನ್ನು ನೋಡಿ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಗ್ರಂಥದಲ್ಲಿ ಆ ಹೆಸರನ್ನು ಕೊಟ್ಟ. ಇದರಲ್ಲಿ ಕಬ್ಬಿಣ ಧಾರಾಳವಾಗಿದೆ, ಬೇರೆ ಗೊಬ್ಬರದ ಅಂಶ ಕಡಿಮೆ. ಹಾಗಾಗಿ ಒಂದು ಇಂಚಿನ ಮುರಕಲ್ಲಿನ ಪುಡಿಯ ಮೇಲೆ ಎರಡು ಇಂಚು ತೊಳೆದ ಮರಳು ಹಾಸಿ, ಕ್ರಿಪ್ಟ್‌ಗಳ ಬುಡದಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ ಗೊಬ್ಬರದ ಗುಳಿಗೆಯೊಂದನ್ನು ಹುಗಿಯುತ್ತೇನೆ. ಇದರ ಒಂದೇ ದೋಷವೆಂದರೆ ಗಿಡ ಕೀಳುವಂತಿಲ್ಲ. ಒಮ್ಮೆ ದೊಡ್ಡ ಕ್ರಿಪ್ಟೊಂದನ್ನು ಎಳೆದೆ; ಅರ್ಧ ತೊಟ್ಟಿಯಷ್ಟು ಹರಡಿದ್ದ ಅದರ ಬೇರಿನೊಂದಿಗೆ ಕೆಂಪು ಮಣ್ಣೆಲ್ಲ ಮೇಲೆದ್ದು, ಆಷಾಢದ ನೇತ್ರಾವತಿಯಂತಾದ ನೀರು ತಿಳಿಯಾಗಲು ನಾಲ್ಕು ದಿನ ಹಿಡಿಯಿತು. ಪಾಪ, ಮೀನುಗಳು.

ನೀರಿನ ವಿಷಯದಲ್ಲಿ ಮುಂಬಯಿಯವರು ಪುಣ್ಯವಂತರು. ತಾನಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳಿಂದ ನಗರಕ್ಕೆ ಬರುವುದು ಮಳೆಯ ನೀರೇ ಆದ್ದರಿಂದ ಅದು ಮೆದು. ನಮ್ಮ ನಲ್ಲಿಯ ನೀರಿನಲ್ಲಿ ಕರಗಿದ ಲವಣಾಂಶ ನನ್ನ ಪುಟ್ಟ ಮೀಟರಿನಲ್ಲಿ ಸಾಮಾನ್ಯವಾಗಿ 100 ಪಿಪಿಎಂ ಒಳಗೇ ಇರುತ್ತದೆ. ಮೇಲೆ ಹೇಳಿದ ಗಿಡಗಳಿಗೆಲ್ಲ ಇದು ಒಪ್ಪುತ್ತದೆ. ಆದರೆ ಕ್ಲೋರಿನ್ ಇರುತ್ತದೆ, ಮಳೆಗಾಲದಲ್ಲಿ ಅದರ ವಾಸನೆ ಮೂಗಿಗೇ ತಿಳಿಯುತ್ತದೆ. ಸೋಡಿಯಂ ಥಯೋಸಲ್ಫೇಟಿನ ಒಂದೆರಡು ಹರಳು ಕರಗಿಸದೆ ಹೊಸ ನೀರನ್ನು ತೊಟ್ಟಿಗೆ ಸುರಿಯಬಾರದು. ಅಲಂಕಾರಕ್ಕೆಂದು ಚೌಪಾಟಿಯ ಚಿಪ್ಪು, ಹವಳದ ತುಂಡು, ಅಮೃತಶಿಲೆಯ ಹರಳುಗಳನ್ನು ಹಾಕಿದರೆ ಸುಣ್ಣದ ಅಂಶ ಕರಗಿ ಈ ಮೆದು ನೀರು ಗಡುಸಾಗುತ್ತದೆ. ಸಹ್ಯಾದ್ರಿಯ ಕರಿಕಲ್ಲಿಗೆ ಆ ದೋಷವಿಲ್ಲ.

ಗಡುಸು ನೀರನ್ನು ಬಯಸುವ ಗಿಡವೆಂದರೆ ವ್ಯಾಲಿಸ್ನೇರಿಯಾ, ರಿಬ್ಬನ್ನಿನಂಥ ಉದ್ದ ಎಲೆಯದು. ಅದು ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡ್ ಸಾಲದೆ ಬಂದಾಗ ಬೈಕಾರ್ಬೊನೇಟಿನಿಂದ ಇಂಗಾಲವನ್ನು ಕಿತ್ತುಕೊಳ್ಳಬಲ್ಲದು. ಶಾಲೆಯಲ್ಲಿ ಆಲಿಕೆ ಬೋರಲು ಹಾಕಿ ಪ್ರಯೋಗ ಮಾಡಿದ ಹೈಡ್ರಿಲ್ಲಾಕ್ಕೂ ಆ ವಿದ್ಯೆ ಗೊತ್ತು, ಅಂದು ಮೇಷ್ಟ್ರು ಬೀಕರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿಸುತ್ತಿದ್ದುದು ಅದಕ್ಕೇ. ಜಾವಾ ಮಾಸ್ ಎಂಬ ನೀರಿನ ಹಾವಸೆಗೆ ಆ ಸಾಮರ್ಥ್ಯವಿಲ್ಲ. ಹಾಗಾಗಿ ಇಂಥವನ್ನು ಒಟ್ಟಿಗೆ ಇಟ್ಟರೆ ಬಲಶಾಲಿಯಾದದ್ದು ಸಿಕ್ಕ ಇಂಗಾಲವನ್ನೆಲ್ಲ ಮೊದಲು ಮುಗಿಸಿ, ನೀರಿನ ಕ್ಷಾರಗುಣವನ್ನು ಏರಿಸಿ, ನಿಧಾನದವನ್ನು ಹಸಿವಿನಲ್ಲಿ ಬಿಡಬಲ್ಲದು. ಹೈಡ್ರಿಲ್ಲಾ ಕಡಿಮೆ ಬೆಳಕಿನಲ್ಲಿ ಬೆಳೆಯುವುದರಲ್ಲಿ ಎಲ್ಲರನ್ನೂ ಮೀರಿಸಬಹುದು, ಆದರೆ ಎರಡೇ ವಾರದಲ್ಲಿ ಮೇಲ್ಮೈ ಮುಟ್ಟಿ ಚಪ್ಪರ ಹಾಕಿ ಕೆಳಗಿನವರ ಬೆಳಕನ್ನು ತಿನ್ನುತ್ತದೆ. ಎದುರಿನ ಗೋಪುರದ ಕೃಪೆಯಿಂದ ಆ ಅನುಭವ ನನಗೂ ಇದೆ. ಪಾಚಿಗೆ ಔಷಧವೆಂದು ‘ದ್ರವ ಇಂಗಾಲ’ದ ಹೆಸರಿನಲ್ಲಿ ಮಾರುವ ಸೀಸೆಯಲ್ಲಿರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್, ಅದನ್ನು ಹಾಕಿದ ಹತ್ತು ದಿನದೊಳಗೆ ನನ್ನ ವ್ಯಾಲಿಸ್ನೇರಿಯಾ ಪೂರ್ತಿ ಕರಗಿತು, ಪಕ್ಕದ ಅನುಬಿಯಾಸಿಗೆ ಏನೂ ಆಗಲಿಲ್ಲ. ಮತ್ತೆ ನಾನು ವ್ಯಾಲಿಸ್ನೇರಿಯಾವನ್ನೂ ತರಲಿಲ್ಲ, ಆ ಸೀಸೆಯನ್ನೂ.

ಜಾವಾ ಮಾಸ್ ಅನ್ನು ಎಲ್ಲರೂ ಸಲಹೆ ಮಾಡುತ್ತಾರೆ. ಅದು ಹೊಂದಿಕೊಳ್ಳುತ್ತದೆ ನಿಜ, ಆದರೆ ಅತಿಥಿಯಾಗಿ ಬಂದು ಯಜಮಾನನಾಗುವ ಜಾತಿಯದು. ಅನುಬಿಯಾಸಿನ ಕಾಂಡದ ಸಂದಿಗೆ ಒಮ್ಮೆ ಹೊಕ್ಕರೆ ಬಿಡಿಸಲಾಗದು. ಅದರಲ್ಲಿ ಕಸ ಸಿಕ್ಕಿ ಕಾಂಡ ಕೊಳೆಯಲು ತೊಡಗುತ್ತದೆ. ಈಗ ಅದಕ್ಕೆ ಮೂಲೆಯಲ್ಲಿ ಬೇರೆ ಕಲ್ಲೊಂದನ್ನು ಕೊಟ್ಟು, ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತೇನೆ. ಅಂತರಗಂಗೆಯನ್ನು ಮೇಲೆ ತೇಲಿಬಿಟ್ಟರೆ ನೈಟ್ರೇಟ್ ಹೀರಿಕೊಂಡು ಉಪಕಾರ ಮಾಡುತ್ತದೆ, ಆದರೆ ವಾರವಾರ ಅರ್ಧವನ್ನು ತೆಗೆದು ಹಾಕುವ ಶಿಸ್ತು ನನಗಿಲ್ಲ. ಅದರ ಬದಲು ಮನಿ ಪ್ಲಾಂಟಿನ ಒಂದು ಬಳ್ಳಿಯನ್ನು, ಎಲೆಗಳು ಹೊರಗಿರುವಂತೆ, ಬೇರು ಮಾತ್ರ ನೀರಿಗಿಳಿಯುವಂತೆ ತೊಟ್ಟಿಯ ಹಿಂದಿನ ಅಂಚಿಗೆ ಸಿಕ್ಕಿಸಿದ್ದೇನೆ. ಗಾಳಿಯಿಂದಲೇ ಇಂಗಾಲ ಪಡೆಯುವ ಅದು ಒಳಗಿನವರೊಂದಿಗೆ ಆ ಪಾಲಿಗೆ ಜಗಳವಾಡುವುದಿಲ್ಲ, ಕೊಳೆಯನ್ನು ಮಾತ್ರ ಹೀರುತ್ತದೆ.

ದೀಪದ ವಿಷಯದಲ್ಲಿ ನನ್ನ ತಪ್ಪು ಧಾರಾಳತನದ್ದು. ಬಿಸಿಲಿಲ್ಲದ ಮನೆ, ಪಾಪ, ಎಂದು ಮೊದಲ ವರ್ಷ ಎಲ್‌ಇಡಿಯನ್ನು ದಿನಕ್ಕೆ ಹನ್ನೊಂದು ಗಂಟೆ ಉರಿಸಿದೆ. ಗಿಡಗಳು ಅದರಿಂದ ವೇಗವಾಗಿ ಬೆಳೆಯಲಿಲ್ಲ. ಅನುಬಿಯಾಸಿನ ಎಲೆಯಂಚುಗಳಲ್ಲಿ ಮಾತ್ರ ಕಪ್ಪು ಗಡ್ಡದಂಥ ಪಾಚಿ ಬೆಳೆಯಿತು. ಕಪ್ಪಗೆ ಕಂಡರೂ ಅದು ಕೆಂಪು ಪಾಚಿಗಳ ವರ್ಗಕ್ಕೆ ಸೇರಿದ್ದು; ಒಮ್ಮೆ ಹಿಡಿದರೆ ಉಗುರಿನಿಂದ ಕೆರೆದರೂ ಬಿಡದು. ಮರದ ತುಂಡನ್ನೇ ಹೊರಗೆ ತೆಗೆದು, ಔಷಧ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಎಲೆಗಳಿಗೆ ಕುಂಚದಿಂದ ಬಳಿದು, ಕೆಲವು ನಿಮಿಷದ ಬಳಿಕ ತೊಳೆದು ಒಳಗಿಟ್ಟ ಮೇಲೆ ಅದು ಗುಲಾಬಿಗೆ ತಿರುಗಿ ಸತ್ತಿತು. ಈಗ ಟೈಮರ್ ಇದೆ: ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ, ಏಳೇ ಗಂಟೆ. ಮನೆಮಂದಿ ಮನೆಯಲ್ಲಿರುವ ಹೊತ್ತಿಗೇ ತೊಟ್ಟಿ ಬೆಳಗುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಮೇ ತಿಂಗಳು ಮಾತ್ರ ಕಷ್ಟ. ನಮ್ಮ ಹಾಲಿನಲ್ಲಿ ನೀರು 31, 32 ಡಿಗ್ರಿಗೆ ಏರುತ್ತದೆ. ನೀರಿನ ಮೇಲೆ ಫ್ಯಾನ್ ಹಾಯಿಸಿದರೆ ಆವಿಯಾಗುವಿಕೆಯಿಂದ ತಣಿಯುತ್ತದೆ ಎಂಬ ಉಪಾಯ ಪುಣೆಯಂಥ ಒಣಹವೆಯ ಊರಿನಲ್ಲಿ ಚೆನ್ನಾಗಿ ನಡೆದೀತು; ಸಮುದ್ರದ ತೇವ ತುಂಬಿದ ನಮ್ಮ ಗಾಳಿಯಲ್ಲಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಬೋರ್ನಿಯೊದ ತೊರೆಗಳಿಂದ ಬಂದ, ಕೈಗೆ ದುಬಾರಿಯಾದ ಬ್ಯುಸೆಫಲಾಂಡ್ರಾವನ್ನು ನಾನು ಕಳೆದುಕೊಂಡದ್ದು ಅಂಥ ಒಂದು ಮೇ ತಿಂಗಳಲ್ಲಿ. ಅನುಬಿಯಾಸ್ ಮತ್ತು ವೆಂಟಿಯೈ ಸಹಿಸಿಕೊಂಡವು, ಜಾವಾ ಫರ್ನ್ ಅರೆಮನಸ್ಸಿನಿಂದ. ಬೇಸಿಗೆಯಲ್ಲಿ ದೀಪವನ್ನು ಒಂದು ಗಂಟೆ ಕಡಿಮೆ ಮಾಡಿ, ಏರ್ ಪಂಪನ್ನು ರಾತ್ರಿಯಿಡೀ ನಡೆಸುತ್ತೇನೆ, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಕತ್ತಲಲ್ಲಿ ಗಿಡಗಳೂ ಅದನ್ನೇ ಉಸಿರಾಡುತ್ತವೆ.

ಮೀನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ರೀಲಂಕಾದ ಚೆರ್ರಿ ಬಾರ್ಬ್ ಎಂಟು, ಹನಿ ಗೌರಾಮಿ ಒಂದು ಜೋಡಿ. ಯಾವುದೂ ಗಿಡ ತಿನ್ನುವವಲ್ಲ. ಗೋಲ್ಡ್‌ಫಿಶ್ ಇರುವವರು ಕ್ರಿಪ್ಟಿನ ಆಸೆ ಬಿಡಬೇಕು, ಅದು ತಳವನ್ನು ಕೆದಕದೆ ಇರಲಾರದು.

ಕಳೆದ ವಾರ ಅನುಬಿಯಾಸ್ ಮರದ ತುದಿಯನ್ನೂ ದಾಟಿ ಗಾಜಿಗೆ ಮೂಗು ತಾಗಿಸಿತ್ತು. ಹರಿತವಾದ ಬ್ಲೇಡಿನಿಂದ ಅಡ್ಡಕಾಂಡವನ್ನು ಮೂರು ತುಂಡು ಮಾಡಿದೆ, ಪ್ರತಿ ತುಂಡಿನಲ್ಲೂ ನಾಲ್ಕೈದು ಎಲೆ ಇರುವಂತೆ. ಅದರಲ್ಲೊಂದಕ್ಕೆ ನೀರಿನೊಳಗೇ ಹೂ ಬಿಟ್ಟಿತ್ತು: ಕೆಸುವಿನ ಹೂವಿನದೇ ಅಚ್ಚು, ಬಿಳಿ ದೊನ್ನೆಯೊಳಗೆ ನಿಂತ ಪುಟ್ಟ ದಂಡು. ಅದನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಭಾನುವಾರದ ಸ್ಲೋ ಲೋಕಲ್ಲಿನಲ್ಲಿ ಡೊಂಬಿವಲಿಗೆ ಒಯ್ದೆ. ಅವರ ಮನೆಗೆ ಪಡುವಣ ಬಿಸಿಲು ಜೋರು. ಚೀಲ ಬಿಚ್ಚಿದ ಹಿರಿಯರು ಹೂವನ್ನು ನೋಡಿ ಏನೂ ಹೇಳಲಿಲ್ಲ. ತಮ್ಮ ತೊಟ್ಟಿಯ ಜಾವಾ ಫರ್ನಿನ ಎಲೆಗಳನ್ನು ಕೈಯಿಂದ ಸರಿಸಿ, ಅದರ ನೆರಳು ಎಲ್ಲಿಯವರೆಗೆ ಬೀಳುತ್ತದೆಂದು ಅಳೆಯತೊಡಗಿದರು.